ಕೂತು ಹೋಗಬೇಕಾದವಳು

ಆ ಪೈಪನ್ನು ನಾನು ಇನ್ನೂ ಮರೆತಿಲ್ಲ. ಹಳದಿ ಕಪ್ಪು ಪಟ್ಟೆ ಬಳಿದ ಕಬ್ಬಿಣದ ಪೈಪು. ಆಸ್ಪತ್ರೆಯ ನೆಲಮಾಳಿಗೆಗೆ ಕಾರುಗಳು ಇಳಿಯುವ ಇಳಿಜಾರಿನ ಬಾಯಲ್ಲಿ ಅದನ್ನು ಎರಡು ಸರಪಳಿಗೆ ತೂಗುಬಿಟ್ಟಿದ್ದರು. ನಡುವೆ ಒಂದು ತಗಡು. ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಪಾಯಿಂಟ್ ಒಂದು ಮೀಟರ್ ಎಂದು ಬರೆದಿತ್ತು. ಅದಕ್ಕಿಂತ ಎತ್ತರದ ಗಾಡಿ ಒಳಗೆ ಇಳಿಯಕೂಡದು.

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ವಿಜಯನಗರದಿಂದ ರಾಜಾಜಿನಗರದ ಕಡೆಗೆ ಹೋಗುವಾಗ ಸಿಗುತ್ತದೆ, ಅಷ್ಟು ಸಾಕು. ಹೆಸರು ಹೇಳಿದರೆ ನನ್ನ ಸಿಟ್ಟು ಆ ಒಂದು ಕಟ್ಟಡಕ್ಕೆ ಮುಗಿದುಹೋಗುತ್ತದೆ. ಅಷ್ಟು ಅಗ್ಗಕ್ಕೆ ಅದನ್ನು ಮುಗಿಸಲು ನನಗೆ ಮನಸ್ಸಿಲ್ಲ.

ಮೆಟ್ರೋ ಕೆಲಸಕ್ಕೆಂದು ನಮ್ಮ ಕಡೆಯ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ವರ್ಷ ಅದು. ಶ್ರಾವಣದ ಒಂದು ಸೋಮವಾರ, ಬೆಳಗಿನ ಪೂಜೆಯ ಹೊತ್ತಿಗೆ ನನ್ನ ಹೆಂಡತಿ ಸಿದ್ದಗಂಗಮ್ಮ ಆ ಆಸ್ಪತ್ರೆಯ ಐಸಿಯುನಲ್ಲಿ ಲಿಂಗೈಕ್ಯಳಾದಳು. ಒಳ್ಳೆಯ ದಿನ ಹೋದಳು ಎಂದು ಆಮೇಲೆ ಬಂದವರೆಲ್ಲ ಹೇಳಿದರು. ದಿನ ಒಳ್ಳೆಯದೇ ಇತ್ತು. ಆ ದಿನವನ್ನು ಏನು ಮಾಡಿದರು ಎಂಬುದನ್ನು ಹೇಳುತ್ತೇನೆ.

ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತ ಹಾಗೆ ಕಾಲು ಮಡಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಕೂತಂತೆಯೇ ಊರಿನ ಮುಂದೆ ಕರೆದೊಯ್ದು, ಗುಣಿಯ ಒಳಗೆ ಕಡಿದ ಗೂಡಿನಲ್ಲಿ ಕೂತಂತೆಯೇ ಮಣ್ಣಿಗೆ ಒಪ್ಪಿಸುತ್ತೇವೆ. ನಮಗೆ ಸಾವಿನ ಸೂತಕವಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಒಂದು ಅವಸರ ಮಾತ್ರ ಉಂಟು. ಮೈಯ ಬಿಸಿ ಆರುವ ಮೊದಲು ಕಾಲು ಮಡಿಸಬೇಕು. ಮೈ ಸೆಟೆದುಕೊಂಡ ಮೇಲೆ ಯಾರು ಬಂದರೂ ಆಗುವುದಿಲ್ಲ.

ಆದ್ದರಿಂದ ಅಳುವುದಕ್ಕೆ ಮುಂಚೆ ನಾನು ಫೋನು ಮಾಡಿದೆ. ಅತ್ತಿಗುಪ್ಪೆಯಲ್ಲಿ ನಮ್ಮ ಬೀದಿಯಲ್ಲೇ ಇರುವ ಗುರುಸಿದ್ದಯ್ಯನವರಿಗೆ ಹೇಳಿದೆ. ನಮ್ಮ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಬರುವ ಅಯ್ಯನವರು ಅವರು. ಕೆಂಗೇರಿಯಾಚೆ ನಮ್ಮ ಹಿರಿಯರ ಜಮೀನು ನೋಡಿಕೊಳ್ಳುವ ಅಂಜಿನಯ್ಯನಿಗೆ ಗುಣಿ ತೋಡಲು ಹೇಳಿದೆ. ಹೆಗ್ಗನಹಳ್ಳಿಯ ಮುನಿರಾಜುವಿಗೆ ಗಾಡಿ ತರಲು ಹೇಳಿದೆ.

ಮುನಿರಾಜುವಿನ ಗಾಡಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಳೆಯ ಟೆಂಪೋ ಒಂದಕ್ಕೆ ಚಾವಣಿ ಎತ್ತರಿಸಿ, ಸುತ್ತ ಗಾಜು ಹಾಕಿಸಿ, ಒಳಗೆ ಬೆನ್ನಿಗೆ ಆಸರೆಯಿರುವ ಪೀಠ ಕೂಡಿಸಿದ್ದಾನೆ. ಕೂತವರ ತಲೆಯ ಮೇಲೆ ಹೂವಿನ ಮಂಟಪ ಕಟ್ಟುವಷ್ಟು ಎತ್ತರ. ಡ್ರೈವರನ ತಲೆಯ ಮೇಲೆ ಫೈಬರಿನ ನಂದಿ. ಮುಂದುಗಡೆ ‘ಕೈಲಾಸ ರಥ’ ಎಂಬ ಬೋರ್ಡು. ನಾಮದವರ ಮನೆಗೆ ಹೋಗುವಾಗ ಅದೇ ಬೋರ್ಡನ್ನು ತಿರುಗಿಸಿದರೆ ‘ವೈಕುಂಠ ರಥ’. ಆಗ ನಂದಿಯ ಮೇಲೆ ಒಂದು ಪಂಚೆ ಹೊದಿಸುತ್ತಾನೆ. ಸಿದ್ದಗಂಗಮ್ಮ ಇದನ್ನು ಹೇಳಿ ಹೇಳಿ ನಗುತ್ತಿದ್ದಳು. ನಾನು ಹೋಗುವಾಗ ನಂದಿಯ ಮುಸುಕು ತೆಗೆಸೋದು ಮರೀಬೇಡಿ ಎನ್ನುತ್ತಿದ್ದಳು.

ಐಸಿಯುಗೆ ಸೇರಿಸಿದ ದಿನ ಅವಳ ಕೊರಳಿನ ಕರಡಿಗೆಯನ್ನು ತೆಗೆಸಿದ್ದರು. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ. ಮದುವೆಗೂ ಮುಂಚಿನಿಂದ ಮೈಮೇಲಿದ್ದದ್ದು.

“ಮೆಟಲ್ ಇರ್ಬಾರ್ದು ಅಂಕಲ್” ಎಂದಿದ್ದಳು ನರ್ಸು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ, ಬಳೆಗಳ ಜೊತೆ, ಕನ್ನಡಕದ ಜೊತೆ ಹಾಕಿಕೊಟ್ಟಳು. ನಾನು ಚೀಲದಿಂದ ತೆಗೆದು ನನ್ನ ಕೊರಳಿಗೇ ಹಾಕಿಕೊಂಡೆ. ಅಂದಿನಿಂದ ನಡೆದಾಗಲೆಲ್ಲ ಎರಡು ಕರಡಿಗೆಗಳೂ ಒಂದಕ್ಕೊಂದು ತಗಲಿ ಸದ್ದಾಗುತ್ತಿತ್ತು. ಆ ಸೋಮವಾರ ಅವಳ ಅಂಗೈಗೆ ಅವಳ ಲಿಂಗವನ್ನು ಸೇರಿಸಬೇಕು, ಅವಳನ್ನು ಕೂರಿಸಬೇಕು. ನನಗಿದ್ದ ಕೆಲಸ ಅದೆರಡೇ.

ಐಸಿಯುನಿಂದ ಅವಳನ್ನು ನೇರ ನೆಲಮಾಳಿಗೆಗೆ ಇಳಿಸಿದರು. ಕಾರು ನಿಲ್ಲಿಸುವ ಜಾಗದ ಒಂದು ಮೂಲೆಯಲ್ಲಿ, ನೀರಿನ ಪಂಪಿನ ಪಕ್ಕದ ಕೋಣೆ. ಅಲ್ಲಿ ತಣ್ಣನೆಯ ಪೆಟ್ಟಿಗೆಯೊಂದರ ಟ್ರೇ ಎಳೆದು ಮಲಗಿಸಿ ಒಳಕ್ಕೆ ತಳ್ಳಿದರು. ಪೆಟ್ಟಿಗೆ ಬೇಡ, ಕೂರಿಸುತ್ತೇವೆ ಎಂದು ನಾನೂ ನನ್ನ ಮಗಳು ಚೇತನಾಳೂ ಬೇಡಿಕೊಂಡೆವು.

“ಗಾಡಿ ಬಂದು ಬಾಗ್ಲಲ್ಲಿ ನಿಲ್ಲಲಿ ಸಾರ್, ನಂಬರ್ ಬರ್ಕೊಂಡು ಬಾಡಿ ಬಿಡ್ತೀವಿ. ಅಲ್ಲೀವರೆಗೂ ಟ್ರೇ ತೆಗೆಯಂಗಿಲ್ಲ” ಎಂದ ಕೋಣೆಯ ಕೆಲಸದವನು.

ಸರಿ, ಗಾಡಿ ಬರುತ್ತಲ್ಲ ಎಂದುಕೊಂಡು ಚೇತನಾಳನ್ನು ಅಲ್ಲೇ ಬಿಟ್ಟು ನಾನು ಇಳಿಜಾರು ಹತ್ತಿ ಮೇಲೆ ಬಂದೆ.

ಮುನಿರಾಜು ಆಗಲೇ ಬಂದಿದ್ದ. ಅವನ ಗಾಡಿಯ ಮುಂದೆ ಸೆಕ್ಯುರಿಟಿಯವನು ಎರಡೂ ಕೈ ಅಗಲಿಸಿ ನಿಂತಿದ್ದ. ಬೆಳಗಾವಿ ಕಡೆಯ ಹುಡುಗ, ಎದೆಯ ಮೇಲಿನ ಪಟ್ಟಿಯಲ್ಲಿ ಬಾಳೇಶ ಎಂದು ಹೆಸರಿತ್ತು.

“ಕ್ಲಿಯರೆನ್ಸ್ ಇಲ್ರಿ. ಒಳಗ ಬಿಡಾಕ ಬರಂಗಿಲ್ಲ. ಹಿಂದಕ್ಕ ತಗೀರಿ!”

ಹಿಂದೆ ಬಸ್ಸು ಹಾರನ್ ಮಾಡುತ್ತಿತ್ತು. ಮುನಿರಾಜು ಏನೋ ಗೊಣಗುತ್ತ ಗಾಡಿಯನ್ನು ರಸ್ತೆಯಾಚೆಗೆ ಒಯ್ದ.

ಕ್ಲಿಯರೆನ್ಸ್! ಆ ಮಾತನ್ನು ಆ ಆಸ್ಪತ್ರೆಯಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಸ್ಕ್ಯಾನಿಂಗಿಗೆ ಹೃದಯದ ಡಾಕ್ಟರ ಕ್ಲಿಯರೆನ್ಸ್, ವಾರ್ಡು ಬದಲಿಸಲು ಐಸಿಯು ಡಾಕ್ಟರ ಕ್ಲಿಯರೆನ್ಸ್. ಇನ್ನೂ ಯಾವುದೋ ಡಾಕ್ಟರ ಸಹಿ ಬಾಕಿ ಎಂದು ತಿಳಿದು ನಾನು ಮತ್ತೆ ಮೇಲಕ್ಕೆ ಓಡಿದೆ. ಈ ವಯಸ್ಸಿನಲ್ಲಿ ಓಡಿದೆ. ಲಿಫ್ಟಿನ ಮುಂದೆ ಸಾಲು. ಮೆಟ್ಟಿಲು ಹತ್ತಿದೆ. ದೊಡ್ಡ ಡಾಕ್ಟರು ರೌಂಡ್ಸಿನಲ್ಲಿದ್ದಾರೆ, ಕಾಯಿರಿ ಎಂದರು. ಕಾದೆ. ಕೊನೆಗೆ ಚಿಕ್ಕ ಡಾಕ್ಟರೊಬ್ಬ ಬಂದು, “ಎಲ್ಲಾ ಕೊಟ್ಟಾಗಿದೆಯಲ್ಲ ಅಂಕಲ್? ಇನ್ನೇನು ಕ್ಲಿಯರೆನ್ಸು?” ಎಂದ. ನಾನು ಬಿಡಲಿಲ್ಲ. ಪೀಡೆ ತೊಲಗಲಿ ಎಂದು ಅವನು ಇನ್ನೊಂದು ಹಾಳೆಯಲ್ಲಿ ಗೀಚಿ ಮೊಹರು ಒತ್ತಿಕೊಟ್ಟ.

ಅದನ್ನು ತಂದು ಬಾಳೇಶನ ಕೈಗೆ ಹಿಡಿಸಿದೆ. ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದಲ್ರೀ ಯಜಮಾನ್ರ. ಗಾಡೀದು. ಎತ್ತರದ್ದು.” ಎಂದು ಮೇಲೆ ತೂಗುತ್ತಿದ್ದ ಪೈಪನ್ನು ತೋರಿಸಿದ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳು ಪೆಟ್ಟಿಗೆಯಲ್ಲಿ ತಣ್ಣಗಾಗುತ್ತಿದ್ದ ಹೊತ್ತನ್ನು ನಾನು ಒಂದು ಇಂಗ್ಲಿಷ್ ಮಾತಿನ ಹಿಂದೆ ಕಳೆದುಬಂದಿದ್ದೆ.

“ಎತ್ತರ ಅನ್ನೋಕೆ ನಿನ್ನ ನಾಲಿಗೆಗೇನಾಗಿತ್ತೋ? ಬೆಳಗಾವಿಯವನು ನೀನು. ಕನ್ನಡ ಮರೆತುಹೋಯ್ತಾ?”

“ಕಂಪನಿಯವ್ರು ಹಂಗ ಅನ್ನಾಕ ಕಲಿಸ್ಯಾರ್ರೀ.”

“ನಿಮ್ಮೂರಲ್ಲಿ ನಮ್ಮೋರನ್ನ ಮಲಗಿಸಿ ಒಯ್ತಾರೇನೋ?”

ಅವನು ತಲೆ ತಗ್ಗಿಸಿದ. “ಇಲ್ರಿ. ನಮ್ಮಪ್ಪನ್ನೂ ಕುಂದ್ರಿಸೇ ಒಯ್ದೇವಿ. ಆದ್ರ ನಮ್ಮೂರಾಗ ಪೈಪ್ ಇಲ್ರೀ ಯಜಮಾನ್ರ.”

ಅಷ್ಟರಲ್ಲಿ ಮುನಿರಾಜು ರಸ್ತೆ ದಾಟಿ ಬಂದ. “ನೀವು ಮೇಲಿನೋರ್ನ ಹಿಡಿಯಕ್ಕೆ ಹೋದ್ರಿ ಅನ್ಕೊಂಡ್ನಲ್ಲ ಅಣ್ಣ! ಪೇಪರ್ ತರಕ್ಕೆ ಹೋಗಿದ್ರಾ?” ಎಂದು ತಲೆ ಚಚ್ಚಿಕೊಂಡ. ಹಿಂದೆಯೇ ಗುರುಸಿದ್ದಯ್ಯನವರೂ ಆಟೋದಿಂದ ಇಳಿದರು. ವಿಷಯ ಕೇಳಿ, “ಹೊತ್ತು ಬಹಳ ಆಗಿದೆ ಗುರುಬಸಪ್ಪನೋರೆ. ನಾನು ಕೆಳಗೆ ಹೋಗಿ ನೋಡ್ತೀನಿ. ನೀವು ಗಾಡಿ ಇಳಿಸಿ” ಎಂದು ಚೀಲ ಹಿಡಿದು ಇಳಿಜಾರಿನಲ್ಲಿ ನಡೆದುಹೋದರು.

ಬಾಳೇಶ ವೈರ್‌ಲೆಸ್ಸಿನಲ್ಲಿ ಕರೆದಿದ್ದಕ್ಕೆ ಮ್ಯಾನೇಜರು ಬಂದ. ಟೈ ಕಟ್ಟಿಕೊಂಡ ಮೂವತ್ತರ ಆಸುಪಾಸಿನವನು. ನಗುಮುಖ. ಆ ನಗುವನ್ನು ಅವನು ಕೊನೆಯವರೆಗೂ ಬಿಡಲಿಲ್ಲ.

“ಸಾರ್, ಬಾಡಿ ಬೇಸ್‌ಮೆಂಟಿಂದ್ಲೇ ಹೋಗ್ಬೇಕು. ಅದು ಪಾಲಿಸಿ. ಮುಂದೆ ಪೋರ್ಟಿಕೋಗೆ ತಂದ್ರೆ ಪೇಷಂಟ್ಸ್ ನೋಡ್ತಾರೆ, ಪ್ಯಾನಿಕ್ ಆಗ್ತಾರೆ.”

“ಬಾಡಿ ಅಲ್ಲಪ್ಪ. ಸಿದ್ದಗಂಗಮ್ಮ.”

“ಸಾರಿ ಸಾರ್. ಸಿದ್ದಗಂಗಮ್ಮನವರ ಬಾಡಿ.”

“ಹಾಗಾದ್ರೆ ನಮ್ಮ ಗಾಡೀನ ಕೆಳಗೆ ಬಿಡಿ.”

“ಹೈಟ್ ಜಾಸ್ತಿ ಇದೆಯಲ್ಲ ಸಾರ್. ನಮ್ದೇ ಓಮ್ನಿ ಇದೆ. ದೀಪಾಂಜಲಿ ನಗರಕ್ಕೆ ಹೋಗಿದೆ, ಜಾಮಲ್ಲಿ ಸಿಕ್ಕಾಕೊಂಡಿದೆ, ಬಂದ್ಬಿಡುತ್ತೆ. ಮಲಗಿಸ್ಕೊಂಡು ಆರಾಮಾಗಿ ಹೋಗ್ಬಹುದು. ಮನೆಗ್ ಹೋದ್ಮೇಲೆ ಕೂರಿಸ್ಕೊಳಿ, ಯಾರ್ ಬೇಡ ಅಂತಾರೆ?”

ಆರಾಮಾಗಿ! ಓಮ್ನಿ ಬಂದು, ಆ ಅಗೆದ ರಸ್ತೆಗಳಲ್ಲಿ ತೆವಳಿಕೊಂಡು ಮನೆ ಮುಟ್ಟುವಷ್ಟರಲ್ಲಿ ಅವಳ ಕಾಲು ಮರದ ಕೊರಡಾಗಿರುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ನಮ್ಮ ಪದ್ಧತಿ ಇದು ಎಂದೆ. ರ‍್ಯಾಂಪಿನ ಮೇಲೆ ಹೊತ್ತುಕೊಂಡಾದರೂ ಬರುತ್ತೇವೆ, ಬಿಡಿ ಎಂದೆ.

“ರ‍್ಯಾಂಪ್ ಮೇಲೆ ನಡೆಯೋ ಹಾಗಿಲ್ಲ ಸಾರ್. ಸೇಫ್ಟಿ.”

ಮುನಿರಾಜು ಇದನ್ನೆಲ್ಲ ಕೇಳುತ್ತ ನಿಂತಿದ್ದವನು ಸ್ಪಾನರ್ ಹಿಡಿದು ಗಾಡಿಯ ತಲೆ ಹತ್ತಿದ. “ನಂದಿ ಇಳಿಸಿಬಿಡ್ತೀನಿ ಅಣ್ಣ. ಅರ್ಧ ಹೈಟ್ ಇವನ್ದೇ.” ಬೋಲ್ಟು ಬಿಚ್ಚಿ, ನಂದಿಯನ್ನು ಮಗುವಿನ ಹಾಗೆ ತಬ್ಬಿಕೊಂಡು ಇಳಿಸಿ, ಫುಟ್‌ಪಾತಿನ ಮೇಲೆ ಕೂರಿಸಿದ. ಮುದುಕಿಯೊಬ್ಬಳು ದೇವಸ್ಥಾನದಿಂದ ಬರುತ್ತಿದ್ದವಳು ಅದರ ಮುಂದೆ ನಿಂತು, ಬುಟ್ಟಿಯಿಂದ ಒಂದು ಹೂವು ತೆಗೆದು ಅದರ ಕೊಂಬಿನ ನಡುವೆ ಇಟ್ಟು, ಕೈ ಮುಗಿದು ಹೋದಳು. ಶ್ರಾವಣ ಸೋಮವಾರವಲ್ಲವೇ. ಎಲ್ಲಿ ಕೂತರೂ ನಂದಿ ನಂದಿಯೇ. ಸಿದ್ದಗಂಗಮ್ಮ ಮಾತ್ರ ಬಾಡಿ.

ಗಾಡಿಯನ್ನು ಇಳಿಜಾರಿನ ಬಾಯಿಗೆ ತಂದು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಪೈಪು ಚಾವಣಿಗೆ ತಗಲಿ ಢಣ್ ಎಂದಿತು. ಇನ್ನೂ ಒಂದು ಗೇಣು ಹೆಚ್ಚಿತ್ತು.

ಹಿಂದಿನ ಕಾರಿನಿಂದ ಒಬ್ಬ ಹುಡುಗ ತಲೆ ಹೊರಗೆ ಹಾಕಿ ನಕ್ಕ. “ಟೈರ್ ಗಾಳಿ ಬಿಡ್ಸು ಗುರು, ಇಳಿಯುತ್ತೆ!”

“ನಿನ್ ತಲೇಲಿರೋ ಗಾಳಿ ಬಿಡ್ಸು ಮಗಾ ಮೊದ್ಲು” ಎಂದ ಮುನಿರಾಜು. ಹುಡುಗ ಗಾಜು ಏರಿಸಿಕೊಂಡ. ಗಾಡಿಯನ್ನು ಮತ್ತೆ ಹಿಂದಕ್ಕೆ ತೆಗೆಸಿ ರಸ್ತೆಯ ತಿರುವಿನಾಚೆಗೆ ಕಳಿಸಿದರು.

ಆಗ ಬಂತು ಆಕ್ಸಿಜನ್ ಸಿಲಿಂಡರುಗಳ ಟೆಂಪೋ.

ಅದೂ ಎತ್ತರದ ಗಾಡಿಯೇ. ಸಿಲಿಂಡರುಗಳನ್ನು ನಿಲ್ಲಿಸಿ ಕಟ್ಟಿದ್ದರು. ಹೌದು, ನಿಲ್ಲಿಸಿ. ಅವುಗಳನ್ನು ಮಲಗಿಸಿಕೊಂಡು ಬನ್ನಿ ಎಂದು ಯಾರೂ ಹೇಳಲಿಲ್ಲ. ಟೆಂಪೋದವನು ಎರಡು ಸಲ ಹಾರನ್ ಮಾಡಿದ. ಬಾಳೇಶ ಗೋಡೆಯ ಬಳಿಯಿದ್ದ ಪ್ಲಾಸ್ಟಿಕ್ ಸ್ಟೂಲು ತಂದ. ಹತ್ತಿದ. ಪೈಪಿನ ಒಂದು ತುದಿಯ ಕೊಂಡಿಯನ್ನು ಸರಪಳಿಯಿಂದ ಕಳಚಿದ. ಪೈಪು ಕತ್ತು ಮುರಿದ ಹಾಗೆ ಪಕ್ಕಕ್ಕೆ ಜೋತುಬಿತ್ತು. ಟೆಂಪೋ ಒಳಗೆ ಹೋಯಿತು. ಒಳಗಿನ ಕಾಂಕ್ರೀಟ್ ತೊಲೆಗೂ ಟೆಂಪೋದ ತಲೆಗೂ ನಡುವೆ ಧಾರಾಳ ಜಾಗವಿತ್ತು. ಬಾಳೇಶ ಪೈಪನ್ನು ಎತ್ತಿ ಮತ್ತೆ ಕೊಂಡಿಗೆ ಹಾಕಿದ. ನಾನು ಶಿವ ಶಿವ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೆಳಗಿನಿಂದ ನಾನು ಗೋಡೆ ಎಂದು ತಿಳಿದಿದ್ದದ್ದು ಒಂದು ಕೊಂಡಿ.

“ಅದನ್ನ ಬಿಚ್ಚಬಹುದಾ?” ಎಂದೆ.

ಮ್ಯಾನೇಜರು ನಗುತ್ತಲೇ ಹೇಳಿದ. “ಅದು ಆಕ್ಸಿಜನ್ ಸಾರ್. ಎಮರ್ಜೆನ್ಸಿ. ಸತ್ತೋದೋರ್ಗೆ ಏನ್ ಸಾರ್ ಎಮರ್ಜೆನ್ಸಿ?”

ನಾನು ಜೀವನದಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ಅಂದು ಎತ್ತುತ್ತಿದ್ದೆ. ಕೊರಳಲ್ಲಿ ಎರಡು ಕರಡಿಗೆ ಒಂದಕ್ಕೊಂದು ತಗಲಿ ಸದ್ದಾಯಿತು. ಕೈ ಇಳಿಯಿತು. ಸಿಟ್ಟು ಇಳಿಯಲಿಲ್ಲ. ಹೆಗಲ ಮೇಲಿನ ಟವೆಲನ್ನು ಪೈಪಿನ ನೇರ ಕೆಳಗೆ, ಇಳಿಜಾರಿನ ನಟ್ಟನಡುವೆ ಹಾಸಿದೆ. ಮಂಡಿಗಳು ಲಟಕ್ಕೆಂದರೂ ಬಿಡದೆ ಕಾಲು ಮಡಿಸಿ ಪದ್ಮಾಸನ ಹಾಕಿದೆ. ಅವಳು ಕೂರಬೇಕಾದ ಹಾಗೆ ನಾನು ಕೂತೆ.

“ಎದ್ದೇಳಿ ಸಾರ್, ಏನ್ ಇದು, ಗಾಡಿಗಳು ಬರ್ತಾ ಇವೆ!”

“ಬರಲಿ. ಅವಳ ಗಾಡಿ ಇಳಿಯದ ದಾರೀಲಿ ಯಾರ ಗಾಡೀನೂ ಇಳಿಯಲ್ಲ.”

ಮುಂದಿನ ಕಾರು ಹಾರನ್ ಮಾಡಿತು. ಅದರ ಹಿಂದಿನದು ಮಾಡಿತು. ನೋಡನೋಡುತ್ತ ಸಾಲು ರಸ್ತೆಗೆ ಬೆಳೆದು ಬಸ್ಸುಗಳೂ ನಿಂತವು. ಯಾರೋ ಒಬ್ಬರು ಇಳಿದು ಬಂದು, “ಹಿರಿಯರು ನೀವು, ಹೀಗ್ ಮಾಡ್ಬಹುದಾ? ನಮ್ಗೆ ಅಪಾಯಿಂಟ್‌ಮೆಂಟ್ ಇದೆ” ಎಂದರು. “ನಮಗೂ ಇದೆ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ತಾಳ್ಮೆ ನನಗೂ ಇರಲಿಲ್ಲ.

ಮ್ಯಾನೇಜರನ ಹಣೆಯಲ್ಲಿ ಬೆವರು ಬಂತು. “ಏಯ್ ಬಾಳೇಶ, ಎತ್ತೋ ಇವರನ್ನ!”

ಬಾಳೇಶ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. “ಕೊಳ್ಳಾಗ ಎರಡು ಲಿಂಗ ಅದಾವ್ರೀ ಸರ. ನಾ ಮುಟ್ಟಂಗಿಲ್ಲ.”

“ಕೆಲ್ಸ ಹೋಗುತ್ತೆ ನೋಡು!”

“ಹೋಗ್ಲಿ ತಗೋರಿ.”

ಆ ಹೊತ್ತಿಗೆ ಚೇತನಾ ಕೆಳಗಿನಿಂದ ಓಡಿಬಂದಳು. “ಅಪ್ಪಾಜಿ, ಜಗಳ ಸಾಕು. ಅಯ್ನೋರು ಕೂಗಾಡಿ ಟ್ರೇ ತೆಗೆಸಿದ್ರು. ಅಮ್ಮನ ಕತ್ತು ತಿರುಗ್ತಿಲ್ಲ. ಕೈ ಬಿಗೀತಾ ಇದೆ. ಈಗ್ಲೇ ಕೂರಿಸ್ಬೇಕು, ಇಲ್ದಿದ್ರೆ ಆಗಲ್ಲ ಅಂತಿದಾರೆ.”

ಮ್ಯಾನೇಜರು ರಸ್ತೆಯ ಸಾಲನ್ನು ಒಮ್ಮೆ ನೋಡಿ, ಕೈ ಚೆಲ್ಲಿದ. “ಬಿಚ್ಚೋ ಪೈಪು! ಅವರ ಗಾಡಿ ಬಿಡು. ಬೇಗ!”

ಬಾಳೇಶ ಸ್ಟೂಲು ಹತ್ತಿ ಕೊಂಡಿ ಕಳಚಿದ. ನಾನು ಎದ್ದು ನಿಂತು ರಸ್ತೆಯ ಕಡೆ ನೋಡಿದೆ. ಮುನಿರಾಜುವಿನ ಗಾಡಿ ತಿರುವಿನಾಚೆ, ಕಾರು, ಬಸ್ಸು, ಆಟೋಗಳ ಹಿಂದೆ ಎಲ್ಲೋ ಹೂತುಹೋಗಿತ್ತು. ಅದರ ಎತ್ತರದ ಚಾವಣಿ ಮಾತ್ರ ಕಾಣುತ್ತಿತ್ತು. ಮುನಿರಾಜು ದೂರದಿಂದ ಕೈ ಅಲ್ಲಾಡಿಸಿ, ಆಗಲ್ಲ ಅಣ್ಣ ಎಂದು ತೋರಿಸಿದ. ಆ ಸಾಲನ್ನು ಕಟ್ಟಿದವನು ನಾನೇ. ಅವರ ಪೈಪು ಬಿಚ್ಚಿದ ಹೊತ್ತಿಗೆ ನನ್ನ ಸಿಟ್ಟು ಅಡ್ಡ ನಿಂತಿತ್ತು. ಇದಕ್ಕೂ ಅವರನ್ನೇ ಬೈದೆ. ಬೈದರೇನು, ಗಾಡಿ ಬರಲಿಲ್ಲ.

ಚೇತನಾ ನನ್ನ ತೋಳು ಹಿಡಿದು ಎಳೆದಳು. “ಗಾಡಿ ಯಾಕಪ್ಪಾಜಿ? ಕೂರೋಕೆ ಒಂದು ಕುರ್ಚಿ ಸಾಲ್ದಾ? ಕೆಳಗೆ ಲಿಫ್ಟ್ ಹತ್ರ ವೀಲ್‌ಚೇರು ಸಾಲಾಗಿ ನಿಂತಿವೆ.”

ಇಬ್ಬರೂ ಇಳಿದೆವು. ಅವಳು ಒಂದು ವೀಲ್‌ಚೇರನ್ನು ತಳ್ಳಿಕೊಂಡು ನೇರ ಆ ಕೋಣೆಯ ಒಳಗೆ ನುಗ್ಗಿಸಿದಳು. ಕೆಲಸದವನು ಪುಸ್ತಕ ತೆರೆದು, “ಗಾಡಿ ನಂಬರ್?” ಎಂದ.

ಚೇತನಾ ಕುರ್ಚಿಯ ಬೆನ್ನಿನ ಮೇಲೆ ಬಳಿದಿದ್ದ ಅಕ್ಷರ ಓದಿದಳು. “ಡಬ್ಲ್ಯೂ ಸಿ ಹನ್ನೊಂದು. ಬರ್ಕೊಳಿ.”

ಅವನು ಬರೆದುಕೊಂಡ.

ಗುರುಸಿದ್ದಯ್ಯನವರು ಕ್ಯಾಂಟೀನಿನಿಂದ ಬಿಸಿನೀರು ತರಿಸಿ, ಟವೆಲ್ ಅದ್ದಿ ಹಿಂಡಿ, ಅವಳ ಮಂಡಿಗಳಿಗೆ ಸುತ್ತಿದ್ದರು. ನಾವು ಮೂವರೂ ಎತ್ತಿ ಕುರ್ಚಿಯಲ್ಲಿ ಇಟ್ಟೆವು. ಎಷ್ಟು ಹಗುರ ಇದ್ದಳು. ಎತ್ತರವೂ ಅಷ್ಟೇ, ಮನೆಯಲ್ಲಿ ದೇವರ ಗೂಡಿಗೆ ದೀಪ ಇಡಲು ಅವಳಿಗೆ ಕಾಲಡಿ ಒಂದು ಮಣೆ ಬೇಕಿತ್ತು. ಅಯ್ಯನವರು ಮಂತ್ರ ಹೇಳುತ್ತ ಎಡಗಾಲನ್ನು ಮೆಲ್ಲಗೆ ಒತ್ತಿದರು. ಅದು ಮಡಚಿಕೊಂಡಿತು. ಬಲಗಾಲಿಗೆ ಬಂದರು. ಒತ್ತಿದರು. ಬಿಸಿನೀರು ಮತ್ತೆ ಹಾಕಿದರು. ನೀವಿದರು. ಇನ್ನೊಮ್ಮೆ ಬಲವಾಗಿ ಒತ್ತಿದರು.

“ಬೇಡ ಬಿಡಿ, ನೋವಾಗುತ್ತೆ ಅವಳಿಗೆ” ಎಂದೆ.

ಅಯ್ಯನವರು ನನ್ನ ಮುಖ ನೋಡಿ ಕೈ ತೆಗೆದರು. ಬಲಗಾಲು ಹಾಗೇ ಕುರ್ಚಿಯ ಕೆಳಗಿನ ಹಲಗೆಯ ಮೇಲೆ ಇಳಿದು ನಿಂತಿತು.

ಹಣೆಗೆ, ಭುಜಕ್ಕೆ ವಿಭೂತಿ ಹಚ್ಚಿದರು. ಚೇತನಾ ತನ್ನ ದುಪಟ್ಟಾ ತೆಗೆದು ಅಮ್ಮನ ಎದೆಯ ಸುತ್ತ ಕುರ್ಚಿಗೆ ಕಟ್ಟಿದಳು. ನನ್ನ ಕೊರಳಿಂದ ಅವಳ ಕರಡಿಗೆಯನ್ನು ತೆಗೆದು, ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟೆ. ಬೆರಳುಗಳನ್ನು ನಾನೇ ಮುಚ್ಚಬೇಕಾಯಿತು. ನನ್ನ ಕೊರಳ ಸದ್ದು ನಿಂತುಹೋಯಿತು.

ಅಯ್ಯನವರು ಚೀಲದಿಂದ ಗಂಟೆ ತೆಗೆದು ಬಾರಿಸುತ್ತ ಮುಂದೆ ನಡೆದರು. ನಾನೂ ಚೇತನಾಳೂ ತಳ್ಳಿದೆವು. ಕಾರುಗಳ ನಡುವೆ, ಎಣ್ಣೆಯ ಕಲೆಗಳ ಮೇಲೆ, ಪಂಪಿನ ಸದ್ದಿನಲ್ಲಿ ಹೊರಟಿತು ಸಿದ್ದಗಂಗಮ್ಮನ ಮೆರವಣಿಗೆ. ಇಳಿಜಾರು ಹತ್ತುವಾಗ ನಮ್ಮಿಬ್ಬರ ಉಸಿರು ಸಾಲಲಿಲ್ಲ. ಹಿಂದಿನಿಂದ ಇನ್ನೆರಡು ಕೈ ಬಂದು ಕುರ್ಚಿಯನ್ನು ಹಿಡಿದವು. ಬಾಳೇಶ.

ಪೈಪು ಒಂದು ಕಡೆ ಜೋತುಬಿದ್ದಿತ್ತು. ಅದರ ಬಳಿ ಬಂದಾಗ ನಾನು ಕುರ್ಚಿ ನಿಲ್ಲಿಸಿದೆ.

“ಕಟ್ಟೋ ಅದನ್ನ.”

“ಯಾಕ್ರೀ ಯಜಮಾನ್ರ?”

“ಮೊದಲಿದ್ದ ಹಾಗೆ ಕಟ್ಟು.”

ಮ್ಯಾನೇಜರು, “ಇರ್ಲಿ ಸಾರ್, ಹೋಗ್ಬಿಡಿ ಸಾರ್” ಎಂದ. ನಾನು ಕದಲಲಿಲ್ಲ. ಬಾಳೇಶ ನನ್ನ ಮುಖ ನೋಡಿ, ಸ್ಟೂಲು ಹತ್ತಿ, ಪೈಪನ್ನು ಎತ್ತಿ ಕೊಂಡಿಗೆ ಹಾಕಿದ. ಅದು ತನ್ನ ಎತ್ತರದಲ್ಲಿ ನೆಟ್ಟಗೆ ನಿಂತ ಮೇಲೆ ಕುರ್ಚಿಯನ್ನು ತಳ್ಳಿದೆವು. ಸಿದ್ದಗಂಗಮ್ಮ ತಲೆಯೆತ್ತಿ ಕೂತು ಅದರ ಕೆಳಗೆ ಹಾದುಹೋದಳು. ಅವಳ ತಲೆಗೂ ಪೈಪಿಗೂ ನಡುವೆ ಒಂದು ಮಗು ನಿಲ್ಲುವಷ್ಟು ಜಾಗವಿತ್ತು.

ಹಾರನ್ನುಗಳು ಒಂದೊಂದಾಗಿ ನಿಂತವು. ಪೋರ್ಟಿಕೋದಲ್ಲಿ ರೋಗಿಗಳು ಇದ್ದರು, ಅವರ ಮನೆಯವರಿದ್ದರು. ಎಲ್ಲರೂ ನೋಡಿದರು. ಕೈಗೆ ಸೂಜಿ ಚುಚ್ಚಿಸಿಕೊಂಡಿದ್ದ ಮುದುಕರೊಬ್ಬರು ಇನ್ನೊಂದು ಕೈಯನ್ನು ಎದೆಗೆ ತಂದರು. ಕೆಲವರು ಕೈ ಮುಗಿದರು, ಕೆಲವರು ಮುಖ ತಿರುಗಿಸಿದರು. ಯಾರೂ ಪ್ಯಾನಿಕ್ ಆಗಲಿಲ್ಲ.

ಕಾರುಗಳ ನಡುವೆ ನುಸುಳಿಕೊಂಡು ತಿರುವಿನವರೆಗೆ ಹೋಗಿ ಅವಳನ್ನು ಗಾಡಿಯ ಪೀಠಕ್ಕೆ ಏರಿಸಿದೆವು. ನಂದಿಯನ್ನು ಮತ್ತೆ ಮೇಲೆ ಕೂರಿಸಲು ಹೊತ್ತಿರಲಿಲ್ಲ. ಮುನಿರಾಜು ಅದನ್ನು ಫುಟ್‌ಪಾತಿನಿಂದ ಹೊತ್ತುತಂದು ಒಳಗೆ ಅವಳ ಎದುರಿಗೇ ಇಟ್ಟ. ಹೂವು ಇನ್ನೂ ಕೊಂಬಿನ ನಡುವೆಯೇ ಇತ್ತು. ಹೊರಡುವಾಗ ಮ್ಯಾನೇಜರು ಕಿಟಕಿಯ ಬಳಿ ಓಡಿಬಂದ. ಕ್ಷಮೆ ಕೇಳಲು ಬಂದನೇನೋ ಎಂದುಕೊಂಡೆ.

“ಸಾರ್, ಆ ವೀಲ್‌ಚೇರ್ ಬಿಟ್ಟೋಗಿ. ಆಸ್ಪತ್ರೇದು.”

ದಾರಿಯುದ್ದಕ್ಕೂ ನಾನು ಅವಳ ಬಲಗಾಲನ್ನೇ ನೋಡುತ್ತಿದ್ದೆ. ಅಯ್ಯನವರು ಅದನ್ನು ಗಮನಿಸಿದರು.

“ಸಂಕಟಪಡಬೇಡಿ ಗುರುಬಸಪ್ಪನೋರೆ. ಗುಡಿಗಳಲ್ಲಿ ಪಾರ್ವತಮ್ಮನ ವಿಗ್ರಹ ನೋಡಿಲ್ಲವೇ? ಒಂದು ಕಾಲು ಮಡಿಸಿ, ಒಂದು ಕಾಲು ಇಳಿಬಿಟ್ಟೇ ಕೂತಿರ್ತಾಳೆ ತಾಯಿ.”

ಒಳ್ಳೆಯ ಮಾತು. ಹಿರಿಯರ ಮಾತು. ಕೈ ಮುಗಿದೆ. ಆದರೆ ಒಪ್ಪಲಿಲ್ಲ, ಇಂದಿಗೂ ಒಪ್ಪಿಲ್ಲ. ಆ ತಾಯಿ ತನ್ನ ಇಷ್ಟದಿಂದ ಕಾಲು ಇಳಿಬಿಟ್ಟಿದ್ದಾಳೆ. ಇವಳದು ಒಂದು ಕೊಂಡಿ ಕಳಚಲು ಒಪ್ಪದವರು ಇಳಿಬಿಡಿಸಿದ ಕಾಲು. ದಿನವೂ ಪೂಜೆಯಲ್ಲಿ ಶಿವನಿಗೆ ಇದನ್ನೇ ಹೇಳುತ್ತೇನೆ. ಕ್ಷಮಿಸುವುದಿದ್ದರೆ ನೀನು ಕ್ಷಮಿಸು, ನನ್ನನ್ನು ಕೇಳಬೇಡ ಎನ್ನುತ್ತೇನೆ.

ಕೆಂಗೇರಿ ದಾಟಿ ಜಮೀನು ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಂಜಿನಯ್ಯ ಗುಣಿ ತೋಡಿ, ಒಳಗೆ ಗೂಡು ಕಡಿದು, ಸಾರಿಸಿ, ಹಾರೆ ಗುದ್ದಲಿ ತೊಳೆದಿಟ್ಟು ಕಾಯುತ್ತಿದ್ದ. ಕಾಲು ಮಡಿಸಿ ಕೂತವರ ಅಳತೆಗೆ ಕಡಿದ ಗೂಡು. ಅವಳನ್ನು ಇಳಿಸುವ ಮುನ್ನ ನಾನು ಅವನಿಗೆ ಆ ಕಾಲನ್ನು ತೋರಿಸಿದೆ. ಮತ್ತೆ ಅಳತೆಯ ಮಾತು ಬರುತ್ತದೆ, ಮತ್ತೆ ಜಗಳವಾಡಬೇಕು ಎಂದು ನನ್ನ ಮೈ ಆಗಲೇ ಬಿಗಿದಿತ್ತು.

ಅಂಜಿನಯ್ಯ ಕಾಲನ್ನು ನೋಡಿದ, ಗುಣಿಯನ್ನು ನೋಡಿದ.

“ಅಮ್ಮನೋರಿಗೆ ಮುಂದ್ಕೆ ಒಸಿ ಜಾಗ ಬೇಕಲ್ವಾ? ಇರಿ” ಎಂದು, ತೊಳೆದಿಟ್ಟ ಗುದ್ದಲಿಯನ್ನು ಎತ್ತಿಕೊಂಡು ಮತ್ತೆ ಒಳಗೆ ಇಳಿದ.